‘ಲವ್’ಗೆ ಜೋಡಿ ಹುಡುಕುವುದು ಹೇಗೆ?

ಅಣ್ಣನ ಮಗಳು ಪಿಯುಸಿ ಎರಡನೇ ವರ್ಷದಲ್ಲಿದ್ದಾಳೆ. ಎರಡು ಗಿಟಾರು, ಒಂದು ಕೀಬೋರ್ಡು ಇಟ್ಟುಕೊಂಡು ನಾಲ್ಕು ಜನ ಸೇರಿ ಬ್ಯಾಂಡ್ ಕಟ್ಟಿದ್ದಾರೆ. ಕಾಲೇಜು ಹಬ್ಬಕ್ಕೆ ಇಂಗ್ಲಿಷಿನಲ್ಲೊಂದು ಹಾಡು ಬರೆಯುವ ಕೆಲಸ ಇವಳ ತಲೆಗೆ ಬಿದ್ದಿತ್ತು. ಒಂದು ಸಾಲು ‘ಲವ್’ ಎಂದು ಮುಗಿದಿದೆ, ಅದರ ಜೋಡಿ ಸಾಲು ‘ಸ್ಟೋವ್’ ಎಂದು. “ಬರೆದಾಗ ಸರಿಯಾಗೇ ಕಾಣುತ್ತೆ ಚಿಕ್ಕಪ್ಪ, ಹಾಡಿದ್ರೆ ಎಲ್ಲೋ ಎಡವುತ್ತೆ” ಅಂದಳು.

ಎಡವುವವಳು ಇವಳೊಬ್ಬಳೇ ಅಲ್ಲ. ಇಂಗ್ಲಿಷ್ ಹಾಡುಗಳಲ್ಲಿ ಹೆಜ್ಜೆಗೊಮ್ಮೆ ಬರುವ ಈ ಪದಕ್ಕೆ ಪೂರ್ತಿ ಕೂಡುವ ಪ್ರಾಸಪದಗಳು ಒಂದು ಕೈಬೆರಳಿನ ಲೆಕ್ಕಕ್ಕೆ ಮುಗಿಯುತ್ತವೆ. ಅದಕ್ಕೇ ಪ್ರಾಸ ಹುಡುಕುವುದನ್ನು ಕಲಿಯಲು ಇದೇ ಒಳ್ಳೆಯ ಪದ. ಇದನ್ನು ಪಳಗಿಸಿದರೆ ‘ನೈಟ್’, ‘ಡೇ’ ಮುಂತಾದವು ನೀರು ಕುಡಿದಷ್ಟು ಸುಲಭ.

ಮೊದಲು ಸ್ಪೆಲ್ಲಿಂಗ್ ಮುಚ್ಚಿಡಿ

ಮೊದಲ ಕೆಲಸ, ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಕೇಳಿದ್ದನ್ನು ಬರೆಯುವ ಲಿಪಿ ನಮ್ಮದು, ಇಂಗ್ಲಿಷಿನವರಿಗೆ ಈ ಅನುಕೂಲವಿಲ್ಲ. ಎಲ್-ಓ-ವಿ-ಇ ಎಂದು ಬರೆದಾಗ ‘ಓ-ವಿ-ಇ’ ಬಾಲವಿರುವ ಪದಗಳೆಲ್ಲ ಅಣ್ಣತಮ್ಮಂದಿರಂತೆ ಕಾಣುತ್ತವೆ. ಕನ್ನಡದಲ್ಲಿ ಬರೆಯಿರಿ, ಮೂರು ಬೇರೆ ಬೇರೆ ಮನೆಗಳು ಎದ್ದು ಕಾಣುತ್ತವೆ. ಲವ್, ಡವ್, ಗ್ಲವ್ ಒಂದು ಮನೆ. ಮೂವ್, ಪ್ರೂವ್ ಎರಡನೆಯದು. ಸ್ಟೋವ್, ಡ್ರೋವ್, ಗ್ರೋವ್ ಮೂರನೆಯದು. ಹೀಗೆ ಕಾಗದದ ಮೇಲೆ ಮಾತ್ರ ಕೂಡುವುದನ್ನು ಕಣ್ಣಿನ ಪ್ರಾಸ ಎನ್ನುತ್ತಾರೆ. ಹುಡುಗಿ ಬಿದ್ದದ್ದು ಈ ಹಳ್ಳಕ್ಕೆ.

ಅವಳ ತಪ್ಪಿಗೆ ಇನ್ನೊಂದು ಕಾರಣವೂ ಇದ್ದಿರಬಹುದು. ನಾವು ಅಂಗಡಿಯಲ್ಲಿ ಕೇಳುವುದು ‘ಗ್ಲೌಸ್’, ಅಡುಗೆಮನೆಯಲ್ಲಿ ಹಚ್ಚುವುದು ‘ಗ್ಯಾಸ್ ಸ್ಟೌ’. ನಮ್ಮ ಬಾಯಲ್ಲಿ ಗ್ಲೌ ಮತ್ತು ಸ್ಟೌ ಸೊಗಸಾಗಿ ಕೂಡುತ್ತವೆ! ಆದ್ದರಿಂದ ಕನ್ನಡದಲ್ಲಿ ಬೆರೆತುಹೋಗಿರುವ ಇಂಗ್ಲಿಷ್ ಪದಗಳ ವಿಷಯದಲ್ಲಿ ಮಾತ್ರ ಹುಷಾರು. ನಿಘಂಟಿನ ಆ್ಯಪ್‌ನಲ್ಲಿ ಸ್ಪೀಕರ್ ಗುರುತು ಒತ್ತಿ, ಕೇಳಿಸಿಕೊಂಡು ಬರೆಯಿರಿ. ‘ಓವನ್’ ಎಂದು ನಾವೆಲ್ಲ ಹೇಳುವ ಬಿಸ್ಕತ್ತು ಬೇಯಿಸುವ ಪೆಟ್ಟಿಗೆ ಇಂಗ್ಲಿಷಿನಲ್ಲಿ ನಿಜವಾಗಿ ‘ಅವನ್’. ಇದು ಮುಂದೆ ಕೆಲಸಕ್ಕೆ ಬರುತ್ತದೆ.

‘ಅ’ ಧ್ವನಿಗೆ ಆ ‘ಓ’ ಅಕ್ಷರ ಎಲ್ಲಿಂದ ಬಂತು ಎಂಬುದಕ್ಕೊಂದು ಕಥೆಯಿದೆ. ಹಳೆಯ ಇಂಗ್ಲಿಷಿನಲ್ಲಿ ಈ ಪದ ‘ಲುಫು’. ಮಧ್ಯಯುಗದ ಲಿಪಿಕಾರರ ಬರವಣಿಗೆಯಲ್ಲಿ ಯು, ವಿ, ಎನ್, ಎಮ್ ಎಲ್ಲವೂ ಒಂದರ ಪಕ್ಕ ಒಂದು ನಿಂತ ಸಣ್ಣ ನೆಟ್ಟಗೆರೆಗಳು. ಎರಡು ಅಕ್ಷರ ಜೊತೆಗೆ ಬಂದರೆ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಗೊಂದಲ ತಪ್ಪಿಸಲು ಅಂಥ ಕಡೆ ಯು ಬದಲು ದುಂಡಗಿನ ಓ ಬರೆದರು ಎಂಬುದು ಭಾಷಾ ಇತಿಹಾಸಕಾರರು ಸಾಮಾನ್ಯವಾಗಿ ಕೊಡುವ ವಿವರಣೆ. ‘ಕಮ್’, ‘ಸನ್’ (ಮಗ), ‘ಮಂಕ್’ (ಸನ್ಯಾಸಿ) ಪದಗಳಲ್ಲಿ ಓ ಕೂತಿರುವುದೂ ಹೀಗೆಯೇ. ಅಂದರೆ ಈ ಸ್ಪೆಲ್ಲಿಂಗನ್ನು ನಂಬಬಾರದು ಎನ್ನುವುದಕ್ಕೆ ಐತಿಹಾಸಿಕ ಕಾರಣವೇ ಇದೆ.

“ಹಾಗಾದ್ರೆ ಶೇಕ್ಸ್‌ಪಿಯರ್ ಮಾತ್ರ ಲವ್‌ಗೆ ರಿಮೂವ್ ಹಾಕಬಹುದಾ?” ಎಂದು ಹುಡುಗಿ ಕೇಳಿದಳು. 1609ರಲ್ಲಿ ಅಚ್ಚಾದ ಅವನ ಸುನೀತಗಳಲ್ಲಿ 116ನೆಯದು ಪಠ್ಯದಲ್ಲಿತ್ತಂತೆ. ಹಾಕಿದ್ದಾನೆ, ನಿಜ. ಅವನ ಕಾಲದಲ್ಲಿ ಈ ಎರಡು ಪದಗಳ ಸ್ವರ ಇಂದಿಗಿಂತ ತೀರಾ ಹತ್ತಿರವಿತ್ತು ಎಂದು ಉಚ್ಚಾರಣೆಯ ಚರಿತ್ರೆ ಬಲ್ಲವರು ಹೇಳುತ್ತಾರೆ. ಅವನ ಕಿವಿಗೆ ಕೂಡಿದ್ದು ನಮ್ಮ ಕಿವಿಗೆ ಕೂಡುತ್ತಿಲ್ಲ, ಅಷ್ಟೆ.

ವರ್ಣಮಾಲೆ ಓಡಿಸಿ

ಪೂರ್ಣ ಪ್ರಾಸದ ನಿಯಮ ಇಷ್ಟು: ಪದದಲ್ಲಿ ಕೊನೆಯ ಒತ್ತು ಯಾವ ಸ್ವರದ ಮೇಲೆ ಬೀಳುತ್ತದೋ ಅಲ್ಲಿಂದ ಕೊನೆಯವರೆಗಿನ ಧ್ವನಿ ಒಂದೇ ಇರಬೇಕು, ಅದರ ಹಿಂದಿನ ವ್ಯಂಜನ ಬೇರೆಯಿರಬೇಕು. ನಮ್ಮ ಪದದಲ್ಲಿ ಉಳಿಸಿಕೊಳ್ಳಬೇಕಾದ್ದು ‘ಅವ್’. ಅದರ ಮುಂದೆ ಕ ಯಿಂದ ಹ ವರೆಗೆ ಒಂದೊಂದೇ ವ್ಯಂಜನ ಕೂಡಿಸಿ ಗಟ್ಟಿಯಾಗಿ ಹೇಳುತ್ತಾ ಹೋಗಿ. ಕವ್, ಇಲ್ಲ. ಗವ್, ಇದೆ, ಬ್ರಿಟನ್ನಿನ ಆಡುಮಾತಿನಲ್ಲಿ ಯಜಮಾನರನ್ನು ಕರೆಯುವುದು ಹೀಗೆ. ಚವ್, ಜವ್, ಟವ್ ಇಲ್ಲ. ಡವ್, ಪಾರಿವಾಳ. (ಬೆಂಗಳೂರಿನ ಹುಡುಗರ ‘ಡವ್’ ಬೇರೆ ಜಾತಿಯ ಹಕ್ಕಿ.) ಬವ್ ಇಲ್ಲ, ಆದರೆ ಮುಂದೊಂದು ‘ಅ’ ಸೇರಿಸಿದರೆ ಅಬವ್. ಶವ್, ಅಂದರೆ ತಳ್ಳು. ಕನ್ನಡದ ಕಿವಿಗೆ ಪ್ರೇಮಗೀತೆಯಲ್ಲಿ ಈ ಸದ್ದು ಅಷ್ಟು ಶುಭವಲ್ಲ. ಆಮೇಲೆ ಒತ್ತಕ್ಷರಗಳ ಸರದಿ: ಕ್ಲ, ಗ್ಲ, ಬ್ಲ, ಸ್ಟ. ಸಿಗುವುದು ಗ್ಲವ್ ಒಂದೇ.

ಬುಟ್ಟಿ ಅಲ್ಲಿಗೆ ಬರಿದು. ಡವ್, ಅಬವ್, ಗ್ಲವ್, ಶವ್, ಜೊತೆಗೆ ಪರದೇಶಿ ಗವ್. ಅಮೆರಿಕನ್ ಉಚ್ಚಾರಣೆಯಲ್ಲಿ ಹಾಡುವವರಿಗೆ ಇನ್ನೊಂದು ಸಿಗುತ್ತದೆ. ಓ-ಎಫ್ ಎಂದು ಬರೆಯುವ, ಬ್ರಿಟಿಷರು ಒತ್ತಿ ಹೇಳಿದಾಗ ‘ಆವ್’ ಎನ್ನುವ ಪುಟ್ಟ ಪದ, ‘ಅದರ’, ‘ಇದರ’ ಎನ್ನಲು ಬಳಸುವಂಥದ್ದು, ಅಮೆರಿಕದವರು ಒತ್ತಿ ಹೇಳಿದಾಗ ‘ಅವ್’ ಆಗುತ್ತದೆ. ಒಂದು ಬಲೆಯೂ ಅದೇ ದೇಶದಲ್ಲಿದೆ: ಧುಮುಕಿದ ಎನ್ನಲು ಅವರು ಬಳಸುವ ‘ಡೋವ್’, ಪಾರಿವಾಳದ್ದೇ ಸ್ಪೆಲ್ಲಿಂಗು, ಪ್ರಾಸ ಮಾತ್ರ ಸ್ಟೋವ್ ಜೊತೆ. ಇನ್ನು ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್, ಲ್ಯಾಂಕಶೈರ್ ಕಡೆಗೆ ಹೋದರೆ ಹಳಬರ ಬಾಯಲ್ಲಿ ಪದವೇ ‘ಲುವ್’. ಹಾಡು ಯಾರ ಬಾಯಲ್ಲಿ ಬರುತ್ತದೆ ಎಂದು ಮೊದಲೇ ತೀರ್ಮಾನಿಸಿಕೊಂಡರೆ ಈ ತಲೆಬಿಸಿ ಕಡಿಮೆ.

ಬಾಲ ಬೆಳೆಸಿ ನೋಡಿ

ಪದ ಬರಡಾದರೆ ಪ್ರತ್ಯಯ ಹಚ್ಚಿ. ‘ಲವ್’ ಹೋಗಿ ‘ಲವರ್’ ಆದ ಕೂಡಲೇ ಕವರ್, ಡಿಸ್ಕವರ್, ರಿಕವರ್ ಎಲ್ಲ ಬಾಗಿಲಿಗೆ ಬರುತ್ತವೆ. ಎರಡು ಪದ ಸೇರಿಸಿದರೆ ಇನ್ನೂ ಮಜಾ. ‘ಲವ್ ಇಟ್’ ಎಂಬುದಕ್ಕೆ ‘ಕವಿಟ್’ (ಆಸೆಪಡು) ಕರಾರುವಾಕ್ಕಾಗಿ ಕೂಡುತ್ತದೆ, ‘ಅಬವ್ ಇಟ್’ ಸಹ. ‘ಲವ್ ಹರ್’ ಎಂಬುದನ್ನು ಬೇಗ ಹೇಳಿದರೆ ಹಕಾರ ಕರಗಿ ಡಿಸ್ಕವರ್‌ಗೆ ಜೋಡಿಯಾಗುತ್ತದೆ. ‘ಲವ್ ಇನ್’ ಎಂದು ಸಾಲು ಮುರಿದರೆ, ಆಗಲೇ ಹೇಳಿದ ‘ಅವನ್’ ಕಾದು ಕೂತಿದೆ.

ಒತ್ತಿನ ವಿಷಯದಲ್ಲಿ ಕನ್ನಡದವರು ಎಡವುವುದು ಇಲ್ಲೇ. ‘ಲವಿಂಗ್’ಗೆ ‘ಕಿಂಗ್’ ಹಾಕಿದರೆ ನಮಗೆ ಸರಿಯೆನಿಸುತ್ತದೆ, ಏಕೆಂದರೆ ‘ಬಂದನು–ಹೋದನು’ ಎಂದು ಪ್ರತ್ಯಯ ಕೂಡಿದರೂ ನಮ್ಮ ಕಿವಿ ಒಪ್ಪಿಬಿಡುತ್ತದೆ. ಇಂಗ್ಲಿಷಿನ ಕಿವಿ ಒಪ್ಪುವುದಿಲ್ಲ. ಲವಿಂಗ್‌ನಲ್ಲಿ ಒತ್ತು ‘ಲ’ ಮೇಲೆ, ‘ಇಂಗ್’ ತೂಕವಿಲ್ಲದ ಬಾಲ. ಅದಕ್ಕೆ ಬೇಕಾದ್ದು ‘ಶವಿಂಗ್’.

ಹತ್ತಿರದ ನೆಂಟರು

ಇಷ್ಟಾದ ಮೇಲೂ ಹಾಡಿಗೆ ಪದ ಸಾಲದು. ಆಗ ಪೂರ್ಣ ಪ್ರಾಸದ ಹಟ ಬಿಟ್ಟು ಹತ್ತಿರದ ಪ್ರಾಸಕ್ಕೆ ಇಳಿಯಬೇಕು. ಇಳಿಯುವುದು ಎಂದೆ, ನಿಜವಾಗಿ ನನಗೆ ಇದೇ ಹೆಚ್ಚು ಇಷ್ಟ. ಪೂರ್ಣ ಪ್ರಾಸ ಬರುವುದನ್ನು ಕೇಳುಗ ಒಂದು ಸಾಲು ಮೊದಲೇ ಊಹಿಸಿರುತ್ತಾನೆ. ಡವ್, ಅಬವ್ ಕೇಳಿ ಕೇಳಿ ಅವನ ಕಿವಿ ಜಡ್ಡುಗಟ್ಟಿದೆ.

ಒಂದು ದಾರಿ, ಸ್ವರವನ್ನು ಹಾಗೇ ಇಟ್ಟು ಕೊನೆಯ ವ್ಯಂಜನವನ್ನು ಸ್ವಲ್ಪ ಸರಿಸುವುದು. ಗಂಟಲಿನ ಮೇಲೆ ಬೆರಳಿಟ್ಟು ‘ವ್’ ಎಂದು ಎಳೆದು ಹೇಳಿ, ಕಂಪನ ತಿಳಿಯುತ್ತದೆ. ತುಟಿ ಹಲ್ಲು ಅಲ್ಲೇ ಇರಲಿ, ಕಂಪನ ನಿಲ್ಲಿಸಿ ಬರೀ ಗಾಳಿ ಬಿಡಿ: ‘ಫ್’. ನಮ್ಮ ವರ್ಣಮಾಲೆಯಲ್ಲಿ ಗ–ಕ, ದ–ತ ಇದ್ದ ಹಾಗೆ ಇವೂ ಘೋಷ–ಅಘೋಷ ಜೋಡಿ. ಹಾಗಾಗಿ ‘ಲವ್’ಗೆ ಅತಿ ಹತ್ತಿರದ ನೆಂಟರು ಇನಫ್, ರಫ್, ಟಫ್, ಸ್ಟಫ್, ಬ್ಲಫ್. ನೋಡಿ, ಒಂದೇ ಏಟಿಗೆ ಬುಟ್ಟಿ ತುಂಬಿತು. ಅಲ್ಲಿಂದ ಇನ್ನೊಂದು ಹೆಜ್ಜೆ ಆಚೆ ಹೋದರೆ ತುಟಿಯಲ್ಲೇ ಹುಟ್ಟುವ ಬ್, ಮ್: ಕ್ಲಬ್, ರಬ್, ಕಮ್, ಡ್ರಮ್, ನಮ್. ಮತ್ತೂ ದೂರಕ್ಕೆ ಬಝ್, ಬ್ಲಡ್, ಸನ್, ಟಚ್. ದೂರ ಹೋದಷ್ಟೂ ಕೂಡುವ ಬಲ ಕಡಿಮೆ. ನಾನಾದರೆ ‘ಮ್’ ತನಕ ಧೈರ್ಯವಾಗಿ ಹೋಗುತ್ತೇನೆ, ‘ಟಚ್’ ಹಾಕುವ ಮುನ್ನ ಎರಡು ಸಲ ಯೋಚಿಸುತ್ತೇನೆ.

ಇನ್ನೊಂದು ದಾರಿ ಇದರ ತಿರುಗುಮುರುಗು. ವ್ಯಂಜನ ಇಟ್ಟುಕೊಂಡು ಸ್ವರ ಬದಲಿಸುವುದು. ಒಂದನೇ ಕ್ಲಾಸಿನ ಕಾಗುಣಿತ ನೆನಪಿದ್ದರೆ ಸಾಕು. ‘ಲ’ಗೆ ಗುಣಿತ ಹಚ್ಚುತ್ತಾ ಹೋಗಿ: ಲವ್, ಲಿವ್ (ಬದುಕು), ಲೀವ್ (ಬಿಟ್ಟುಹೋಗು), ಲೈವ್ (ಜೀವಂತ). ಪ್ರೀತಿ, ಬಾಳು, ಅಗಲಿಕೆ ಮೂರೂ ಒಂದೇ ವ್ಯಂಜನಗಳ ಚೌಕಟ್ಟಿನಲ್ಲಿ ಸಿಗುತ್ತವೆ. ಹಾಡು ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು? ಮೊದಲ ಮಹಾಯುದ್ಧ ಮುಗಿಯಲು ಒಂದೇ ವಾರವಿದ್ದಾಗ, 1918ರ ನವೆಂಬರ್ 4ರಂದು ಮಡಿದ ಕವಿ ವಿಲ್ಫ್ರೆಡ್ ಓವೆನ್ ಹೆಸರಾದದ್ದು ಈ ಬಗೆಯ ಪ್ರಾಸಕ್ಕೆ. ಯುದ್ಧದ ಕವನಗಳಲ್ಲಿ ಕಿವಿಗೆ ಪೂರ್ತಿ ನೆಮ್ಮದಿ ಕೊಡದ ಇಂಥ ಪ್ರಾಸ ಎಷ್ಟು ಸರಿಹೊಂದುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಮೊದಲ ವ್ಯಂಜನವನ್ನೂ ಸಡಿಲಿಸಿದರೆ ಗಿವ್, ಬಿಲೀವ್, ಸೇವ್, ಮೂವ್ ಎಲ್ಲವೂ ಒಳಗೆ. ಹೊರಗೆ ಹಾಕಿದ್ದ ‘ಸ್ಟೋವ್’ ಕೂಡ ಈ ಬಾಗಿಲಿನಿಂದ ವಾಪಸು ಬರಬಹುದು, ದೂರದ ನೆಂಟನಾಗಿ.

ಕನ್ನಡದ ಕಿವಿಗೆ ಇದು ಹೊಸದಲ್ಲ. ನಮ್ಮ ಹಳೆಯ ಛಂದಸ್ಸಿನ ಪ್ರಾಸ ಸಾಲಿನ ಕೊನೆಯಲ್ಲಿ ಅಲ್ಲ, ಮೊದಲಲ್ಲಿ. ಎರಡನೆಯ ಅಕ್ಷರದ ವ್ಯಂಜನ ಪ್ರತಿ ಸಾಲಿನಲ್ಲೂ ಒಂದೇ ಇರಬೇಕು, ಅದರ ಮೇಲಿನ ಸ್ವರ ಏನಾದರೂ ಆಗಲಿ. ನಗು, ಮಗ, ಬಗೆ ಎಂದು ಮೂರು ಸಾಲು ಶುರುವಾದರೆ ‘ಗ’ಕಾರ ಕೂಡಿತು, ಪ್ರಾಸ ಸಂದಿತು. ವ್ಯಂಜನ ಸಾಕು, ಸ್ವರ ಬಿಡು ಎಂಬ ಉದಾರತೆ ನಮಗೆ ಸಾವಿರ ವರ್ಷದ್ದು.

ನಿಘಂಟು, ಜಾಲತಾಣ

ಇಷ್ಟೆಲ್ಲ ಬಾಯಲ್ಲಿ ಮಾಡಿದ ಮೇಲೆ ಕಂಪ್ಯೂಟರ್ ತೆರೆಯಿರಿ, ಮೊದಲೇ ಬೇಡ. ರೈಮ್‌ಝೋನ್‌ನಂಥ ತಾಣದಲ್ಲಿ ಪದ ಹಾಕಿದರೆ ಪೂರ್ಣ ಪ್ರಾಸ, ಹತ್ತಿರದ ಪ್ರಾಸ ಬೇರೆ ಬೇರೆಯಾಗಿ ಬರುತ್ತವೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಉಚಿತವಾಗಿ ಕೊಟ್ಟಿರುವ ಉಚ್ಚಾರಣೆಯ ನಿಘಂಟಿನಲ್ಲಿ 1,34,000ಕ್ಕೂ ಹೆಚ್ಚು ಪದಗಳಿವೆ. ಅದರಲ್ಲಿ ನಮ್ಮ ಪದ ‘ಎಲ್, ಎಎಚ್1, ವಿ’ ಎಂದು ದಾಖಲಾಗಿದೆ. ಆ 1 ಒತ್ತಿನ ಗುರುತು. ‘ಅಬವ್’ ಪದದ ಮೊದಲ ಅಕಾರಕ್ಕೆ 0, ಎರಡನೆಯದಕ್ಕೆ 1. ಕನ್ನಡ ಲಿಪಿಯ ಜರಡಿಯಲ್ಲಿ ಎರಡೂ ಬರೀ ‘ಅ’ ಆಗಿ ಸೋರಿಹೋಗುತ್ತವಲ್ಲ, ಆ ತೂತು ಮುಚ್ಚಲು ಇದು ಉಪಯುಕ್ತ. ಆದರೆ ಇದು ಉತ್ತರ ಅಮೆರಿಕದ ಉಚ್ಚಾರಣೆ ಎಂಬುದು ನೆನಪಿರಲಿ.

ಹಳೆಯ ಪುಸ್ತಕ ಕೈಗೆ ಸಿಕ್ಕರೆ ಜಾಗ್ರತೆ. ಜಾನ್ ವಾಕರ್ 1775ರಲ್ಲಿ ತಂದ ಪ್ರಸಿದ್ಧ ಪ್ರಾಸ ನಿಘಂಟು ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ, ಸ್ಪೆಲ್ಲಿಂಗ್ ಪ್ರಕಾರ ಜೋಡಿಸಿದೆ. ಹಾಗೆ ಜೋಡಿಸಿದರೆ ಸ್ಟೋವ್, ಲವ್, ಮೂವ್ ಮತ್ತೆ ಒಂದೇ ಓಣಿಗೆ ಬಂದುಬಿಡುತ್ತವೆ.

ಸಾಲಿನಲ್ಲಿ ಕೂರಿಸುವುದು

ಹುಡುಗಿ ‘ಇನಫ್’ ಆರಿಸಿಕೊಂಡಳು. ಮೊದಲ ಯತ್ನ ಹೀಗಿತ್ತು: “ಐ ನೆವರ್ ಲುಕ್ಡ್ ಫಾರ್ ಲವ್, ಒನ್ ಕಾಫಿ ವಾಸ್ ಇನಫ್.” ತಪ್ಪೇನಿಲ್ಲ, ಆದರೆ ಎರಡನೇ ಸಾಲು ಪ್ರಾಸಕ್ಕೋಸ್ಕರ ಬಂದು ನಿಂತಂತಿದೆ. ಇಲ್ಲೊಂದು ಕೈಚಳಕ ಇದೆ: ಹುಡುಕಿ ತಂದ ಪದವನ್ನು ಮೊದಲ ಸಾಲಿಗೆ ಹಾಕಿ, ಎಲ್ಲರಿಗೂ ಗೊತ್ತಿರುವ ಪದವನ್ನು ಎರಡನೆಯದಕ್ಕೆ ಇಡಿ. “ಒನ್ ಕಾಫಿ ವಾಸ್ ಇನಫ್, ಟು ಕಾಲ್ ದ ಈವ್ನಿಂಗ್ ಲವ್.” ಈಗ ಪ್ರಾಸ ತಾನಾಗಿ ಒದಗಿ ಬಂದ ಹಾಗಿದೆ. ಹಾಡುವಾಗ ‘ಅ’ ಸ್ವರವನ್ನು ಎಳೆಯುತ್ತಾರೆ, ಕೊನೆಯ ಫ್, ವ್ ಗಿಟಾರಿನ ಸದ್ದಿನಲ್ಲಿ ಮುಳುಗುತ್ತವೆ, ಯಾರಿಗೂ ವ್ಯತ್ಯಾಸ ತಿಳಿಯದು. ಇದನ್ನೇ ಗ್ರೀಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದರೆ ತಪ್ಪು ಪ್ರಾಸವೆಂದು ಓದುಗರು ಮೂಗು ಮುರಿದಾರು. ಅಲ್ಲಿಗೆ ಪೂರ್ಣ ಪ್ರಾಸವೇ ಕ್ಷೇಮ.

ಕೊನೆಯ ಪರೀಕ್ಷೆ, ಇಂಗ್ಲಿಷ್ ಓದಲು ಬಾರದವರ ಮುಂದೆ ಹಾಡುವುದು. ಸ್ಪೆಲ್ಲಿಂಗ್ ಗೊತ್ತಿಲ್ಲದ ಕಿವಿಗೆ ಮೋಸವಾಗುವುದಿಲ್ಲ. ನಮ್ಮಲ್ಲಿ ಈ ಕೆಲಸಕ್ಕೆ ಅಮ್ಮ ಸಿಕ್ಕರು, ಹುಡುಗಿಯ ಅಜ್ಜಿ, ಹೂ ಕಟ್ಟುತ್ತಾ ಕೂತಿದ್ದರು. ಲವ್–ಸ್ಟೋವ್ ಹಾಡಿದಳು. “ತಾಳ ತಪ್ತು” ಅಂದರು. ಲವ್–ಇನಫ್‌ಗೆ “ಹ್ಞೂಂ, ಕೂಡ್ತು” ಅಂದರು. ಹುಮ್ಮಸ್ಸು ಬಂದು ಕೊನೆಯ ಚರಣವನ್ನೂ ಹಾಡಿದಳು, ‘ಲವ್ ಇನ್’ ಎಂದು ಮುರಿದು ‘ಅವನ್’ ಎಂದು ಎಳೆದು ಮುಗಿಸುವಂಥದ್ದು. ಅಮ್ಮನ ಕೈಯ ದಾರ ನಿಂತಿತು.

“ಯಾರೇ ಅದು, ಅವನು?”