ಸಾಕಿದ ಹಾವು ಕಚ್ಚಿದಾಗ ನಾನು ಮಾಡುವುದು

ನಾನಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ. ಮನೆಯಲ್ಲಿ ಒಂದು ಬಾಲ್ ಪೈಥಾನ್, ಒಂದು ಕಾರ್ನ್ ಸ್ನೇಕ್, ಒಂದು ಹಾಗ್‌ನೋಸ್ ಇವೆ. ಕಾಡಿನಿಂದ ಹಿಡಿದು ತಂದವಲ್ಲ, ಸಾಕಿದ ಹಾವುಗಳಿಗೇ ಹುಟ್ಟಿದವು. ಊರಿಗೆ ಫೋನ್ ಮಾಡಿದಾಗಲೆಲ್ಲ ಅಮ್ಮ, "ಆ ಹುಳಗಳನ್ನ ಇನ್ನೂ ಇಟ್ಕೊಂಡಿದ್ದೀಯೇನೋ? ಕಚ್ಚಲ್ವಾ?" ಅನ್ನುತ್ತಾರೆ. ಕಚ್ಚುತ್ತವೆ. ಅಪರೂಪಕ್ಕೆ, ಆದರೆ ಕಚ್ಚುತ್ತವೆ.

ಕಡಿತದಲ್ಲಿ ಎರಡು ಬಗೆ. ಒಂದು ಹೆದರಿ ಕಚ್ಚುವುದು. ರಪ್ಪನೆ ಬಂದು ತಗುಲಿ ತಕ್ಷಣ ಬಿಟ್ಟುಬಿಡುತ್ತದೆ. ನನ್ನ ಕಾರ್ನ್ ಸ್ನೇಕ್ ಮರಿಯಾಗಿದ್ದಾಗ ಹೀಗೆ ಮಾಡುತ್ತಿತ್ತು. ಸೋಪು ಹಾಕಿ ತೊಳೆದರೆ ಆಯಿತು, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇನ್ನೊಂದು ಊಟ ಅಂದುಕೊಂಡು ಕಚ್ಚುವುದು. ಇದು ಬಿಡುವುದಿಲ್ಲ.

ಬಾಲ್ ಪೈಥಾನ್ ಪಶ್ಚಿಮ ಆಫ್ರಿಕಾದ ಹಾವು. ಸಾಧು ಪ್ರಾಣಿ, ಹೆದರಿದರೆ ಚೆಂಡಿನಂತೆ ಸುತ್ತಿಕೊಂಡು ತಲೆ ಒಳಗೆ ಹಾಕುತ್ತದೆ. ಆದರೆ ಅದರ ತುಟಿಯ ಅಂಚಿನಲ್ಲಿ ಶಾಖ ಗುರುತಿಸುವ ಸಣ್ಣ ಕುಳಿಗಳಿವೆ. ಒಂದು ದಿನ ಫ್ರೀಜರ್‌ನ ಇಲಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಇಕ್ಕಳದಲ್ಲಿ ಹಿಡಿದು ಅದರ ಮುಂದೆ ಆಡಿಸುತ್ತಿದ್ದೆ. ಅದು ಯೋಚಿಸುತ್ತಾ ಕೂತಿತು, ಇಲಿ ತಣ್ಣಗಾಯಿತು. ಇಲಿಗಿಂತ ನನ್ನ ಕೈಯೇ ಬೆಚ್ಚಗಿತ್ತು, ಅದು ಕೈಗೇ ಬಂತು. ಹೆಬ್ಬೆರಳಿನ ಬುಡ ಕಚ್ಚಿ ಮಣಿಕಟ್ಟಿಗೆ ಸುತ್ತಿಕೊಂಡಿತು.

ಆಗ ಕೈ ಹಿಂದಕ್ಕೆ ಎಳೆಯಬಾರದು. ಎಳೆಯಬೇಕು ಅಂತ ಇಡೀ ಮೈ ಹೇಳುತ್ತದೆ, ಆದರೂ ಎಳೆಯಬಾರದು. ಹಲ್ಲುಗಳು ಸೂಜಿಯಷ್ಟು ತೆಳು, ಗಂಟಲಿನ ಕಡೆಗೆ ಬಾಗಿರುತ್ತವೆ. ಎಳೆದರೆ ಚರ್ಮ ಹರಿಯುತ್ತದೆ, ಹಲ್ಲು ಮುರಿದು ಒಳಗೇ ಉಳಿಯುತ್ತದೆ, ಹಾವಿನ ವಸಡಿಗೂ ಗಾಯವಾಗುತ್ತದೆ. ಅದರ ಭಾರ ಜೋತಾಡದಂತೆ ಇನ್ನೊಂದು ಕೈಯಲ್ಲಿ ಎತ್ತಿಕೊಂಡು ಸುಮ್ನೆ ನಿಂತೆ. ಎಷ್ಟೋ ಸಲ ಇದು ಇಲಿಯಲ್ಲ ಅಂತ ಅದಕ್ಕೇ ಗೊತ್ತಾಗಿ ಬಿಡುತ್ತದೆ. ಅವತ್ತು ಬಿಡಲಿಲ್ಲ.

ಬಚ್ಚಲಿನ ಸಿಂಕಿಗೆ ಹೋಗಿ ಅದರ ಮೂತಿಯ ಮೇಲೆ ತಣ್ಣೀರು ಸಣ್ಣಗೆ ಬಿಟ್ಟೆ. ಅಡುಗೆಮನೆಯ ಸಿಂಕ್ ಬೇಡ. ಹಾವುಗಳ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರುತ್ತದೆ, ಅದು ಪಾತ್ರೆಗಳಿಗೆ ತಗುಲಬಾರದು. ನೀರು ಬೀಳುತ್ತಿದ್ದ ಹಾಗೆ ಸುತ್ತು ಸಡಿಲವಾಯಿತು. ಬಾಲದ ತುದಿಯಿಂದ ಬಿಚ್ಚುತ್ತಾ ಬಂದೆ, ಬಲ ಕಡಿಮೆ ಇರುವುದು ಅಲ್ಲೇ. ನಡುವಿನಿಂದ ಬಿಡಿಸಲು ಹೋದರೆ ಇನ್ನೂ ಬಿಗಿಯುತ್ತದೆ. ಕೊನೆಗೆ ತಲೆಯನ್ನು ನನ್ನ ಕೈಯ ಕಡೆಗೇ ಒಂಚೂರು ಮುಂದಕ್ಕೆ ಒತ್ತಿದೆ. ಹಲ್ಲಿನ ಕೊಕ್ಕೆ ತಪ್ಪಿತು, ಮೆಲ್ಲಗೆ ಎತ್ತಿದೆ. ಇದಕ್ಕೂ ಬಗ್ಗದಿದ್ದರೆ ಬಾಯಿಯ ಅಂಚಿಗೆ ಹತ್ತಿಯಲ್ಲಿ ಸ್ವಲ್ಪ ಸ್ಯಾನಿಟೈಸರ್ ಮುಟ್ಟಿಸುವುದುಂಟು. ಬಾಯೊಳಗೆ ಸುರಿಯಬಾರದು, ಅದಕ್ಕೆ ಉರಿಯುತ್ತದೆ. ನಾನಂತೂ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ರಕ್ತ ನೋಡಿ ಗಾಬರಿಯಾಗುತ್ತದೆ. ಗಾಯ ಸಣ್ಣದು, ಆದರೆ ಹಲ್ಲು ಚೂಪು, ಹಾಗಾಗಿ ಧಾರಾಳವಾಗಿ ಹರಿಯುತ್ತದೆ. ಬಾಲ್ ಪೈಥಾನ್‌ಗೆ ವಿಷವಿಲ್ಲ. ಹಾವನ್ನು ಗೂಡಿಗೆ ಬಿಟ್ಟು, ಹರಿಯುವ ನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆದು, ಬಟ್ಟೆ ಒತ್ತಿ ಹಿಡಿದೆ. ಟಾರ್ಚ್ ಹಾಕಿ ನೋಡಿದರೆ ಒಂದು ಹಲ್ಲಿನ ಚೂರು ಸಿಕ್ಕಿತು, ಚಿಮುಟದಲ್ಲಿ ತೆಗೆದೆ. ಆಂಟಿಬಯಾಟಿಕ್ ಮುಲಾಮು, ಬ್ಯಾಂಡೇಜ್. ಟೆಟನಸ್ ಚುಚ್ಚುಮದ್ದು ಹಾಕಿಸಿ 5 ವರ್ಷ ದಾಟಿದ್ದರೆ ಡಾಕ್ಟರನ್ನು ಕೇಳುವುದು ಒಳ್ಳೆಯದು. ಕೆಂಪು ಹರಡಿದರೆ, ಕೀವಾದರೆ, ಜ್ವರ ಬಂದರೆ ಮನೆಮದ್ದು ಬೇಡ. ಅಂದ ಹಾಗೆ, 5 ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಹಾವು, ಹಲ್ಲಿ, ಆಮೆ ಸಾಕಬೇಡಿ ಅಂತ ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಅದು ಕಡಿತಕ್ಕಿಂತ ಸಾಲ್ಮೊನೆಲ್ಲಾದ ಭಯಕ್ಕೆ.

ಹಾಗ್‌ನೋಸ್ ಲೆಕ್ಕ ಬೇರೆ. ಅದರ ಬಾಯಿಯ ಹಿಂಭಾಗದಲ್ಲಿ ದೊಡ್ಡ ಹಲ್ಲುಗಳಿವೆ, ಜೊಲ್ಲಿನಲ್ಲಿ ಸೌಮ್ಯ ವಿಷವಿದೆ. ಕಚ್ಚಿ ಬಿಟ್ಟರೆ ಏನೂ ಇಲ್ಲ, ಜಗಿಯುತ್ತಾ ಕೂತರೆ ಕೈ ಊದಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ಕಾಯುವುದಿಲ್ಲ, ನೇರ ಸ್ಯಾನಿಟೈಸರ್. ಆಮೇಲೆ ಉಂಗುರ, ವಾಚು ತೆಗೆದಿಡಬೇಕು. ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದಂತಾದರೆ ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್.

ಊರಿನವರು ಇದನ್ನೆಲ್ಲ ಅಲ್ಲಿನ ಹಾವುಗಳಿಗೆ ಅನ್ವಯಿಸಬೇಡಿ, ದಯವಿಟ್ಟು. ನಮ್ಮ ದೇಶದ ಹಾವು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ತೋಟದಲ್ಲಿ ಕಚ್ಚಿದ್ದು ನಾಗರವೋ, ಕೊಳಕುಮಂಡಲವೋ, ಕಟ್ಟುಹಾವೋ ಯಾರಿಗೆ ಗೊತ್ತು? ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೂ ಇರುವುದಿಲ್ಲ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಕೈಕಾಲು ಅಲುಗಾಡಿಸದೆ ಆಸ್ಪತ್ರೆಗೆ ಹೋಗಿ.

ಈಗ ನನ್ನ ಇಕ್ಕಳ ಉದ್ದವಾಗಿದೆ. ಇಲಿ ಕೊಡುವ ಮುಂಚೆ ಅದರ ತಲೆಯನ್ನು ಇನ್ನೊಮ್ಮೆ ಬಿಸಿನೀರಿಗೆ ಅದ್ದುತ್ತೇನೆ. ಊಟದ ದಿನವಲ್ಲದಿದ್ದರೆ ಗೂಡು ತೆಗೆದ ಕೂಡಲೇ ಕೊಕ್ಕೆಕೋಲಿನಿಂದ ಮೈ ಮುಟ್ಟುತ್ತೇನೆ, ಇವತ್ತು ಇಲಿ ಇಲ್ಲ ಅಂತ ಅದಕ್ಕೆ ಗೊತ್ತಾಗುತ್ತದೆ. ತಿಂದ ಮೇಲೆ ಎರಡು ದಿನ ಎತ್ತುವುದಿಲ್ಲ. ಪೊರೆ ಬಿಡುವ ಮುಂಚೆ ಕಣ್ಣು ಮಂಜಾಗಿ ನೀಲಿಗಟ್ಟುತ್ತದೆ, ಸರಿಯಾಗಿ ಕಾಣುವುದಿಲ್ಲ, ಆಗಲೂ ಮುಟ್ಟುವುದಿಲ್ಲ. ಕಚ್ಚಿದ ಮೇಲೆ ಕೆಲವು ದಿನ ಹಾವಿನ ಬಾಯನ್ನೂ ಗಮನಿಸಬೇಕು. ಮುರಿದ ಹಲ್ಲು ಮತ್ತೆ ಬರುತ್ತದೆ. ವಸಡು ಊದಿ ಬೆಣ್ಣೆಯಂಥ ಕೀವು ಕಂಡರೆ ಸರೀಸೃಪ ನೋಡುವ ವೆಟ್, ಅಂದರೆ ಪಶುವೈದ್ಯರ ಹತ್ತಿರವೇ ಹೋಗಬೇಕು. ನಾಯಿ-ಬೆಕ್ಕಿನ ವೆಟ್‌ಗಳಲ್ಲಿ ಹೆಚ್ಚಿನವರು ಹಾವು ನೋಡುವುದಿಲ್ಲ, ಹಾಗಾಗಿ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ.