ಬೀದಿಯ ಮೂಲೆ ತಿದ್ದಿದ ಬಗೆ

ರಸ್ತೆ ಸುರಕ್ಷಿತವಾಗಬೇಕು ಎಂದರೆ ನಮ್ಮ ಜನ ಕೇಳುವುದು ಎರಡೇ: ಒಂದು ಪಾದಚಾರಿ ಮಾರ್ಗ, ಇನ್ನೊಂದು ಹಂಪ್. ಎರಡೂ ಬೇಕು ನಿಜ. ಆದರೆ ಬೀದಿಗಳನ್ನು ನಡೆಯುವವರಿಗೂ ಸೈಕಲ್‌ನವರಿಗೂ ಒಗ್ಗುವಂತೆ ತಿದ್ದುವ ಕೆಲಸಕ್ಕೆ ಇಳಿದ ಸಿವಿಲ್ ಎಂಜಿನಿಯರ್ ಆಗಿ ನಾನು ಮೊದಲು ನೋಡುವುದು ಮೂಲೆಯನ್ನು. ಎರಡು ರಸ್ತೆಗಳು ಕೂಡುವಲ್ಲಿ ಅಂಚುಗಲ್ಲು ಎಷ್ಟು ಬಳಸಿಕೊಂಡು ತಿರುಗಿದೆ ಎಂಬುದೇ ಎಡಕ್ಕೆ ಹೊರಳುವ ಕಾರಿನ ವೇಗವನ್ನು ನಿರ್ಧರಿಸುತ್ತದೆ. ತಿರುವು ಉದಾರವಾಗಿದ್ದರೆ ಚಾಲಕನ ಕಾಲು ಬ್ರೇಕಿನತ್ತ ಹೋಗುವುದೇ ಇಲ್ಲ. ಬಿಗಿಯಾಗಿದ್ದರೆ ನಿಧಾನಿಸದೆ ವಿಧಿಯಿಲ್ಲ. ಮಕ್ಕಳು, ಮುದುಕರು ದಾಟುವುದು ಸರಿಯಾಗಿ ಅಲ್ಲಿಯೇ.

2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. ಕೇಂದ್ರ ಸಾರಿಗೆ ಸಚಿವಾಲಯವೇ ಕೊಟ್ಟ ಲೆಕ್ಕವಿದು. ಈ ಸಂಖ್ಯೆಯನ್ನು ಓದಿದ ಮೇಲೆ ಬರಿಯ ಟೈಲ್ಸ್ ಹಾಕಿ ಕೈತೊಳೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ.

ನಾನು ಕೆಲಸ ಮಾಡಿದ್ದು ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ, ಶಾಲೆಯ ಪಕ್ಕದ ನಾಲ್ಕು ರಸ್ತೆ ಕೂಡುವ ಜಾಗದಲ್ಲಿ. ಮೈಸೂರಿನ ಬಡಾವಣೆಗಳ ರಸ್ತೆಗಳು ಧಾರಾಳ, ಮರಗಳ ನೆರಳೂ ಉಂಟು. ಸೈಕಲ್ಲಿಗೆ ಹೇಳಿ ಮಾಡಿಸಿದ ಊರು. 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆಯ 450 ಸೈಕಲ್‌ಗಳು ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಸೈಕಲ್ ಬಂದಷ್ಟು ಸಲೀಸಾಗಿ ರಸ್ತೆ ಬದಲಾಗಲಿಲ್ಲ. ಆ ಧಾರಾಳದ ಅಗಲವೇ ಮೂಲೆಗಳಲ್ಲಿ ವೇಗಕ್ಕೆ ದಾರಿ ಮಾಡಿಕೊಟ್ಟಿತ್ತು.

ಮೊದಲು ಮಾಡಿದ್ದು ಸುಣ್ಣದ ಪುಡಿಯ ಕೆಲಸ. ಕಬಡ್ಡಿ ಅಂಕಣಕ್ಕೆ ಗೆರೆ ಎಳೆಯುವ ಅದೇ ಪುಡಿಯನ್ನು ರಾತ್ರಿ ಮೂಲೆಯ ತುಂಬ ತೆಳ್ಳಗೆ ಉದುರಿಸಿದೆವು. ಮರುದಿನ ಶಾಲೆ ಆರಂಭವಾಗುವ ಹೊತ್ತು ಕಳೆದ ಮೇಲೆ ಹೋಗಿ ನೋಡಿದರೆ, ಚಕ್ರಗಳು ಓಡಾಡಿದ ಕಡೆ ಡಾಂಬರು ಕಪ್ಪಗೆ ಕಾಣುತ್ತಿತ್ತು. ಯಾವ ವಾಹನವೂ ತುಳಿಯದ ಜಾಗ ಬೆಳ್ಳಗೆ ಹಾಗೆಯೇ ಉಳಿದಿತ್ತು. ಆ ಬಿಳಿ ತುಂಡು ಇಬ್ಬರು ಮೂವರು ಮಕ್ಕಳು ಬ್ಯಾಗಿನೊಂದಿಗೆ ನಿಲ್ಲುವಷ್ಟು ದೊಡ್ಡದಿತ್ತು. ವಾಹನಕ್ಕೆ ಬೇಡವಾದ ಜಾಗವನ್ನು ನಡೆಯುವವರಿಗೆ ಕೊಡಿ ಎಂದು ವಾರ್ಡ್ ಎಂಜಿನಿಯರ್‌ಗೂ ಸಂಚಾರ ಪೊಲೀಸರಿಗೂ ಫೋಟೊ ತೋರಿಸಿದಾಗ ವಾದವೇ ಬೇಕಾಗಲಿಲ್ಲ.

ಒಪ್ಪಿಗೆ ಸಿಕ್ಕ ಮೇಲೆ ಮರಳಿನ ಚೀಲ, ಕೋನ್, ಬಣ್ಣ ಇಷ್ಟರಲ್ಲೇ ಹೊಸ ಅಂಚನ್ನು ಗುರುತಿಸಿದೆವು. ಸಿಮೆಂಟ್ ಸುರಿಯುವ ಮುನ್ನ ಜನ ಬಳಸಿ ನೋಡಬೇಕು ಎಂಬುದು ನನ್ನ ಪಟ್ಟು. ಹದಿನೈದು ಹೆಜ್ಜೆಯ ದಾಟು ಒಂಬತ್ತಕ್ಕೆ ಇಳಿಯಿತು. ದಿನವೂ ಹೂವು ಕೊಳ್ಳಲು ಬರುವ ಅಜ್ಜಿಯೊಬ್ಬರು ಕೋಲೂರಿ ನಿಂತು, “ಏನಪ್ಪಾ, ರಸ್ತೇನೆ ಚಿಕ್ಕದು ಮಾಡಿಬಿಟ್ಟೆಯಲ್ಲ, ಒಳ್ಳೆಯದಾಯಿತು” ಎಂದರು.

ಎದುರು ಮಾತು ಬಂದಿದ್ದು ಮೂಲೆಯ ಕಿರಾಣಿ ಅಂಗಡಿಯವರಿಂದ. “ಸಾರ್, ಗಿರಾಕಿಗಳು ಗಾಡಿ ಎಲ್ಲಿ ನಿಲ್ಲಿಸಬೇಕು? ನನ್ನ ವ್ಯಾಪಾರದ ಗತಿ ಏನು?” ಅವರ ಆತಂಕ ನ್ಯಾಯವಾದದ್ದೇ. ಸಂಜೆ ಅವರ ಗಲ್ಲಾದ ಪಕ್ಕದಲ್ಲೇ ಕುಳಿತು, ಬಂದವರು ಹೇಗೆ ಬಂದರು ಎಂದು ಇಬ್ಬರೂ ಸೇರಿ ಗೀಟು ಹಾಕುತ್ತ ಹೋದೆವು. ಹೆಚ್ಚಿನವರು ನಡೆದೇ ಬರುತ್ತಿದ್ದರು. ಅಂಗಡಿಯ ಮುಂದೆ ದಿನವಿಡೀ ನಿಲ್ಲುತ್ತಿದ್ದ ಕಾರುಗಳಿಗೂ ಅವರ ಗಿರಾಕಿಗಳಿಗೂ ಸಂಬಂಧವೇ ಇರಲಿಲ್ಲ. ಅವರು ಆ ಚೀಟಿಯನ್ನು ತಾವೇ ಇಟ್ಟುಕೊಂಡರು.

ಕಸದ ಲಾರಿ, ಶಾಲಾ ಬಸ್ಸು ತಿರುಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸೈಜುಗಲ್ಲಿನಲ್ಲಿತ್ತು. ಹೊಸ ಅಂಚಿನ ಹೊರಗೆ ಒರಟು ಕಲ್ಲಿನ ಪಟ್ಟಿಯೊಂದನ್ನು ರಸ್ತೆಗಿಂತ ತುಸುವೇ ಎತ್ತರಿಸಿ ಹಾಸಿದೆವು. ಲಾರಿ ಅದರ ಮೇಲೆ ಹತ್ತಿ ಹೋಗಬಲ್ಲದು. ಕಾರಿನವರು ಗಡಗಡ ಸದ್ದಿಗೆ ಅಂಜಿ ದೂರ ಸರಿಯುತ್ತಾರೆ.

ಇನ್ನು ಹಂಪ್. ನಮ್ಮ ಬೀದಿಗಳಲ್ಲಿ ಉಳಿದ ಡಾಂಬರನ್ನು ಗುಡ್ಡೆ ಹಾಕಿ ಹಂಪ್ ಎನ್ನುತ್ತಾರೆ. ನೀರು ಹರಿಯಲೆಂದು ಅಂಚಿನಲ್ಲಿ ಬಿಟ್ಟ ಸಂದಿಯಲ್ಲಿ ಸ್ಕೂಟರಿನವರು ವೇಗ ತಗ್ಗಿಸದೆ ನುಸುಳುತ್ತಾರೆ. ಸೈಕಲ್ಲಿನವರು ಹೋಗುವುದೂ ಅದೇ ಅಂಚಿನಲ್ಲಿ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಭಾರತೀಯ ರಸ್ತೆ ಕಾಂಗ್ರೆಸ್. ಅದರ ಮಾನದಂಡ ಹೇಳುವ ಉಬ್ಬು 10 ಸೆಂ.ಮೀ. ಎತ್ತರ, ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ: ಸೊಂಟ ಮುರಿಯದೆ ವೇಗ ಇಳಿಸುವ ಅಳತೆ. ನಾವು ಅದಕ್ಕೂ ಮುಂದೆ ಹೋಗಿ, ಜೀಬ್ರಾ ಪಟ್ಟೆಯನ್ನೇ ಪಾದಚಾರಿ ಮಾರ್ಗದ ಮಟ್ಟಕ್ಕೆ ಎತ್ತರಿಸಿದೆವು. ಹೀಗಾದಾಗ ನಡೆಯುವವರು ರಸ್ತೆಗೆ ಇಳಿಯುವುದಿಲ್ಲ, ವಾಹನವೇ ಅವರ ಮಟ್ಟಕ್ಕೆ ಏರಿ ಬರಬೇಕು. ಗಾಲಿಕುರ್ಚಿಗೂ ಮಗುವಿನ ತಳ್ಳುಗಾಡಿಗೂ ಮೆಟ್ಟಿಲೆಂಬುದೇ ಇಲ್ಲ.

ಎತ್ತರಿಸಿದ ಪಟ್ಟೆ ಮಳೆನೀರನ್ನು ತಡೆಯುತ್ತದೆ, ಆದ್ದರಿಂದ ಅಂಚಿನಲ್ಲಿ ಕಬ್ಬಿಣದ ಜಾಲರಿ ಬೇಕು. ಜಾಲರಿಯ ಸರಳುಗಳು ರಸ್ತೆಯ ಉದ್ದಕ್ಕೆ ಇದ್ದರೆ ಸೈಕಲ್ ಚಕ್ರ ಅದರೊಳಗೆ ಸಿಕ್ಕಿಕೊಂಡು ಸವಾರ ಮುಂದಕ್ಕೆ ಮುಗ್ಗರಿಸುತ್ತಾನೆ. ಸರಳುಗಳು ಅಡ್ಡಕ್ಕೇ ಇರಬೇಕು. ಮೇಸ್ತ್ರಿ ತಂದ ಜಾಲರಿ ಉದ್ದ ಸರಳಿನದ್ದು. ಅದನ್ನು ತಿರುಗಿಸಿ ಕೂರಿಸುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.

ಬಿಗಿ ತಿರುವಿಗೆ ಸಹಿ ಹಾಕಲು ಅಧಿಕಾರಿಯೊಬ್ಬರು ಹಿಂಜರಿದರು. ನಾಳೆ ಏನಾದರೂ ಆದರೆ ಹೊಣೆ ಯಾರು ಎಂಬ ಭಯ. 2019ರ ಮೋಟಾರು ವಾಹನ ತಿದ್ದುಪಡಿ ತಂದ 198ಎ ಕಲಮನ್ನು ಅವರ ಮುಂದಿಟ್ಟೆ. ಮಾನದಂಡ ಪಾಲಿಸದ ವಿನ್ಯಾಸ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣವಾದರೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಹಾಗಾಗಿ ಅಪಾಯ ಇರುವುದು ಮೂಲೆಯನ್ನು ಇದ್ದಂತೆಯೇ ಬಿಡುವುದರಲ್ಲಿ. ನಕ್ಷೆಯ ಪ್ರತಿಯೊಂದು ಅಳತೆಯ ಪಕ್ಕದಲ್ಲೂ ಮಾನದಂಡದ ಸಂಖ್ಯೆ ಬರೆದುಕೊಟ್ಟೆ. ಸಹಿ ಬಿತ್ತು. ಈ ಕೆಲಸಕ್ಕೆ ಇಳಿಯುವವರು ಇದನ್ನು ಮರೆಯಬೇಡಿ.

ಹೊಸ ಜಾಗ ಸಿಕ್ಕ ಕೂಡಲೇ ಸ್ಕೂಟರುಗಳು ಹತ್ತಿ ನಿಲ್ಲತೊಡಗಿದವು. ಗೂಟ ನೆಟ್ಟೆವು, ಗಾಲಿಕುರ್ಚಿ ಹೋಗಲು ಸಂದಿ ಬಿಟ್ಟೆವು. ಆ ಸಂದಿಯಲ್ಲೇ ಸ್ಕೂಟರೂ ಬಂತು. ಕೊನೆಗೆ ನೆರವಾದವರು ಎಳನೀರಿನವರು. ಅವರ ಗಾಡಿಗೆ ಮೂಲೆಯ ಒಂದು ಬದಿಯಲ್ಲಿ ಜಾಗ ಗುರುತಿಸಿ, ನಡೆಯಲು 1.8 ಮೀಟರ್ ಬಿಟ್ಟುಕೊಟ್ಟೆವು. ಅವರು ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲಿರುತ್ತಾರೆ. ಯಾರಾದರೂ ಗಾಡಿ ಏರಿಸಿದರೆ ಕತ್ತಿ ಕೆಳಗಿಟ್ಟು ಎದ್ದು ಬಂದು ಹೇಳುತ್ತಾರೆ. ಬೀದಿ ವ್ಯಾಪಾರಿಗಳನ್ನು ಎತ್ತಂಗಡಿ ಮಾಡಿ ಪಾದಚಾರಿ ಮಾರ್ಗ ಉಳಿಸುತ್ತೇವೆ ಎನ್ನುವವರ ಮಾತು ನನಗೆ ಯಾವತ್ತೂ ಹಿಡಿಸಿದ್ದಲ್ಲ.

ಕೆಲಸ ಮುಗಿದ ಕೆಲವೇ ತಿಂಗಳಲ್ಲಿ ಪೈಪ್ ಹಾಕಲು ಒಂದು ಇಲಾಖೆಯವರು ಆ ಮೂಲೆಯನ್ನು ಅಗೆದರು, ಮಣ್ಣು ತುಂಬಿ ಹೊರಟರು. ನಕ್ಷೆ ಹಿಡಿದು ಹೋಗಿ ಮತ್ತೆ ಕಟ್ಟಿಸಿದ್ದಾಯಿತು. ಈಗ ಆ ನಕ್ಷೆಯ ಪ್ರತಿ ವಾರ್ಡ್ ಕಚೇರಿಯಲ್ಲಿದೆ. ರಸ್ತೆ ಅಗೆಯಲು ಅನುಮತಿ ಕೊಡುವಾಗ ಅದನ್ನೂ ಲಗತ್ತಿಸಿ, ಇದ್ದಂತೆಯೇ ಮುಚ್ಚಿಕೊಡಬೇಕು ಎಂದು ಬರೆಯುತ್ತಾರೆ. ಪಟ್ಟೆಗಳಿಗೆ ಪ್ರತಿ ವರ್ಷ ಮೇ ಕೊನೆಯಲ್ಲಿ, ಶಾಲೆ ತೆರೆಯುವ ಮೊದಲು, ಹೊಸ ಬಣ್ಣ ಬಳಿಯುತ್ತೇವೆ.