ಸಮಭಾರ ರೇಖೆಗಳನ್ನು ಕೈಯಿಂದಲೇ ಎಳೆಯುತ್ತೇನೆ

ಹವಾಮಾನ ನಕ್ಷೆಗಳನ್ನು ಕಂಪ್ಯೂಟರ್ ಕ್ಷಣಮಾತ್ರದಲ್ಲಿ ಬರೆದುಕೊಡುತ್ತದೆ. ಆದರೂ ನಾನು ಖಾಲಿ ನಕ್ಷೆ, ಪೆನ್ಸಿಲ್, ರಬ್ಬರ್ ಇಟ್ಟುಕೊಂಡೇ ಕೂರುತ್ತೇನೆ. ವಾಯುರಾಶಿ (ಉಷ್ಣತೆ, ತೇವ ಬಹುಮಟ್ಟಿಗೆ ಒಂದೇ ಬಗೆಯಲ್ಲಿರುವ ಗಾಳಿಯ ವಿಶಾಲ ಸಮೂಹ), ವಾಯುಭಾರ ಕುಸಿತ (ಸುತ್ತಲಿಗಿಂತ ಒತ್ತಡ ಕಡಿಮೆಯಿರುವ ಪ್ರದೇಶ) ಎಂದೆಲ್ಲ ಪುಸ್ತಕದಲ್ಲಿ ಓದಿದ್ದು ನಿಜವಾಗಿ ಮನಸ್ಸಿಗೆ ಇಳಿದದ್ದು ಸಮಭಾರ ರೇಖೆಗಳನ್ನು, ಅಂದರೆ ಗಾಳಿಯ ಒತ್ತಡ ಒಂದೇ ಇರುವ ಜಾಗಗಳನ್ನು ಕೂಡಿಸುವ ಗೆರೆಗಳನ್ನು, ನಾನೇ ಎಳೆಯತೊಡಗಿದ ಮೇಲೆ.

ಬೇಕಾದ ಸಾಮಗ್ರಿ ಯಾರಿಗಾದರೂ ಸಿಗುತ್ತದೆ. ಜಗತ್ತಿನ ವಿಮಾನ ನಿಲ್ದಾಣಗಳು ಗಂಟೆಗೊಮ್ಮೆ ಅಥವಾ ಅರ್ಧ ಗಂಟೆಗೊಮ್ಮೆ ‘ಮೆಟಾರ್’ ಎಂಬ ಚುಟುಕು ವರದಿ ಹೊರಡಿಸುತ್ತವೆ. ಗಾಳಿಯ ದಿಕ್ಕು ಮತ್ತು ವೇಗ, ಉಷ್ಣತೆ, ಇಬ್ಬನಿ ಬಿಂದು (ಗಾಳಿ ತಣಿಯುತ್ತಾ ಹೋದಾಗ ಅದರ ಆವಿ ನೀರಾಗತೊಡಗುವ ಉಷ್ಣತೆ), ಒತ್ತಡ ಎಲ್ಲವೂ ಅದರಲ್ಲಿರುತ್ತವೆ. ಒತ್ತಡವನ್ನು ಸಮುದ್ರಮಟ್ಟಕ್ಕೆ ಹೊಂದಿಸಿಯೇ ಕೊಟ್ಟಿರುತ್ತಾರೆ. ನೆಲದ ಸಮೀಪದಲ್ಲಿ ಸುಮಾರು 8 ಮೀಟರ್ ಮೇಲೇರಿದರೆ ಒತ್ತಡ 1 ಹೆಕ್ಟೋಪ್ಯಾಸ್ಕಲ್ ಇಳಿಯುವುದರಿಂದ, ಹಾಗೆ ಹೊಂದಿಸದಿದ್ದರೆ ನಕ್ಷೆಯಲ್ಲಿ ಮೂಡುವುದು ಬೆಟ್ಟಗುಡ್ಡಗಳ ಎತ್ತರವೇ ಹೊರತು ಹವಾಮಾನವಲ್ಲ.

ಅಭ್ಯಾಸಕ್ಕೆ ಉತ್ತರ ಗೋಳಾರ್ಧದ ಮಧ್ಯ ಅಕ್ಷಾಂಶಗಳನ್ನು ಆರಿಸಿಕೊಳ್ಳುತ್ತೇನೆ. ಧ್ರುವದ ಕಡೆಯ ತಣ್ಣನೆಯ ವಾಯುರಾಶಿಯೂ ಉಷ್ಣವಲಯದ ಕಡೆಯ ಬೆಚ್ಚನೆಯ ವಾಯುರಾಶಿಯೂ ಎದುರಾಗುವುದು ಅಲ್ಲಿಯೇ. ಅವು ಸಂಧಿಸುವ ಗಡಿಯೇ ಫ್ರಂಟ್. ಮೊದಲು ಒತ್ತಡದ ಅಂಕಿಗಳನ್ನು ಬರೆದು, 4 ಹೆಕ್ಟೋಪ್ಯಾಸ್ಕಲ್ ಅಂತರದಲ್ಲಿ ಸಮಭಾರ ರೇಖೆಗಳನ್ನು ಎಳೆಯುತ್ತೇನೆ. ರೇಖೆಗಳು ಒತ್ತೊತ್ತಾಗಿರುವಲ್ಲಿ ಗಾಳಿ ಜೋರು, ವಿರಳವಾಗಿರುವಲ್ಲಿ ಮಂದ.

ಗಾಳಿಯ ಬಾಣಗಳನ್ನು ಹಾಕಿದಾಗ ಡಚ್ ವಿಜ್ಞಾನಿ ಬೈಸ್ ಬ್ಯಾಲೆ 1857ರಲ್ಲಿ ಹೇಳಿದ ನಿಯಮ ಕಣ್ಣೆದುರೇ ನಿಲ್ಲುತ್ತದೆ: ಉತ್ತರ ಗೋಳಾರ್ಧದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡ ಎಡಗಡೆಗಿರುತ್ತದೆ. ಭೂಮಿಯ ಆವರ್ತನದಿಂದಾಗಿ ಗಾಳಿ ಕುಸಿತದ ಕೇಂದ್ರಕ್ಕೆ ನೇರವಾಗಿ ನುಗ್ಗದೆ ಅದನ್ನು ಸುತ್ತುತ್ತದೆ. ಆದರೆ ಬಾಣಗಳು ರೇಖೆಗಳಿಗೆ ಪೂರ್ತಿ ಸಮಾನಾಂತರವಾಗಿರುವುದಿಲ್ಲ, ಸ್ವಲ್ಪ ಒಳಮುಖವಾಗಿ ವಾಲಿರುತ್ತವೆ. ನೆಲದ ಘರ್ಷಣೆ ಅದಕ್ಕೆ ಕಾರಣ. ಈ ಸಣ್ಣ ವಾಲಿಕೆಯಲ್ಲೇ ಮಳೆಯ ಗುಟ್ಟಿದೆ. ಎಲ್ಲ ಕಡೆಯಿಂದ ಒಳಸರಿದ ಗಾಳಿಗೆ ಮೇಲೇರದೆ ಬೇರೆ ದಾರಿಯಿಲ್ಲ. ಏರಿದ ಗಾಳಿ ಹಿಗ್ಗಿ, ಕಿಲೋಮೀಟರಿಗೆ ಸುಮಾರು 9.8 ಡಿಗ್ರಿ ಸೆಲ್ಸಿಯಸ್‌ನಂತೆ ತಣಿದು, ಕೊನೆಗೆ ಅದರ ಆವಿ ಮೋಡವಾಗುತ್ತದೆ. ಅಧಿಕ ಒತ್ತಡದ ಪ್ರದೇಶದಲ್ಲಿ ಗಾಳಿ ಕೆಳಗಿಳಿದು ಬೆಚ್ಚಗಾಗುವುದರಿಂದ ಆಕಾಶ ಬಹುಪಾಲು ತಿಳಿಯಾಗಿರುತ್ತದೆ.

ಇನ್ನು ನನಗೆ ಅತ್ಯಂತ ಇಷ್ಟವಾದ ಕೆಲಸ, ಫ್ರಂಟ್ ಹುಡುಕುವುದು. ಹೊಸಬರು ಮಳೆ ಬೀಳುತ್ತಿರುವ ಜಾಗವನ್ನು ಹುಡುಕಿ ಅಲ್ಲೇ ಗೆರೆ ಎಳೆಯಲು ಹೊರಡುತ್ತಾರೆ. ಮಳೆ ಗಡಿಗಿಂತ ಬಹಳ ಮುಂದೆಯೂ ಬೀಳಬಹುದು, ಹಿಂದೆಯೂ ಬೀಳಬಹುದು. ಬರೀ ಉಷ್ಣತೆಯನ್ನೂ ನಂಬಲಾಗದು. ಬಿಸಿಲು ಬಿದ್ದ ಕಡೆ ತಣ್ಣನೆಯ ವಾಯುರಾಶಿಯೂ ಬೆಚ್ಚಗೆ ತೋರುತ್ತದೆ. ನಾನು ಮೊದಲು ನೋಡುವುದು ಇಬ್ಬನಿ ಬಿಂದುವನ್ನು. ಅದು ಗಾಳಿಯಲ್ಲಿರುವ ತೇವವನ್ನೇ ಹೇಳುವುದರಿಂದ ಬಿಸಿಲು ಮೋಡಗಳ ಆಟಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಅಕ್ಕಪಕ್ಕದ ನಿಲ್ದಾಣಗಳಲ್ಲಿ ಅದು ಥಟ್ಟನೆ ಇಳಿದಿದ್ದರೆ, ಗಾಳಿ ನೈಋತ್ಯದಿಂದ ವಾಯವ್ಯಕ್ಕೆ ತಿರುಗಿದ್ದರೆ, ಅಲ್ಲೇ ಸಮಭಾರ ರೇಖೆಗಳೂ ಚೂಪಾಗಿ ಮುರಿದಿದ್ದರೆ ಅದು ಶೀತ ಫ್ರಂಟ್. ಹಿಂದಿನ ಗಂಟೆಗಳ ವರದಿಗಳನ್ನೂ ತೆಗೆದು ನೋಡುತ್ತೇನೆ: ಫ್ರಂಟ್ ಬರುವವರೆಗೆ ಒತ್ತಡ ಇಳಿಯುತ್ತಿದ್ದು, ದಾಟಿದ ಕೂಡಲೇ ಏರತೊಡಗಿರಬೇಕು. ಈ ನಾಲ್ಕೂ ಸಾಕ್ಷಿಗಳು ಕೂಡಿಬಂದಾಗ ಆಗುವ ಸಂತೋಷ ದೊಡ್ಡದು.

ಶೀತ ಫ್ರಂಟ್‌ನಲ್ಲಿ ಭಾರವಾದ ತಣ್ಣನೆಯ ಗಾಳಿ ಬೆಣೆಯಂತೆ ಕೆಳಗೆ ತೂರಿ ಬೆಚ್ಚನೆಯ ಗಾಳಿಯನ್ನು ರಭಸದಿಂದ ಎತ್ತುತ್ತದೆ. ಅದರ ಇಳಿಜಾರು ಸಾಮಾನ್ಯವಾಗಿ ಸುಮಾರು 100 ಕಿಲೋಮೀಟರಿಗೆ 1 ಕಿಲೋಮೀಟರ್. ಎತ್ತಿದ ಗಾಳಿ ತೇವಭರಿತವೂ ಅಸ್ಥಿರವೂ ಆಗಿದ್ದರೆ ಗುಡುಗಿನ ಮೋಡಗಳು ಸಾಲುಗಟ್ಟುತ್ತವೆ. ಒಂದು ಕಿಲೋಗ್ರಾಂ ಆವಿ ನೀರಾಗುವಾಗ ಸುಮಾರು 25 ಲಕ್ಷ ಜೂಲ್ ಶಾಖ ಹೊರಬರುತ್ತದೆ. ಮೋಡವನ್ನು ಮತ್ತಷ್ಟು ಮೇಲಕ್ಕೆ ಏರಿಸುವುದು ಈ ಶಾಖವೇ. ಬೆಚ್ಚನೆಯ ಗಾಳಿ ಮುಂದುವರಿಯುತ್ತಾ ತಣ್ಣನೆಯ ಗಾಳಿಯ ಮೇಲೇರುವ ಉಷ್ಣ ಫ್ರಂಟ್ ನಿಧಾನಸ್ಥ. ಇಳಿಜಾರು ಸುಮಾರು 200ಕ್ಕೆ 1. ಹಾಗಾಗಿ ತೆಳುವಾದ ಎತ್ತರದ ಮೋಡಗಳು ಫ್ರಂಟ್‌ಗಿಂತ ನೂರಾರು ಕಿಲೋಮೀಟರ್ ಮೊದಲೇ ಕಾಣಿಸಿಕೊಂಡು, ಮೋಡದ ಪದರ ಕ್ರಮೇಣ ತಗ್ಗುತ್ತಾ, ದಪ್ಪವಾಗುತ್ತಾ ಬಂದು ಗಂಟೆಗಟ್ಟಲೆ ಮಳೆ ಹಿಡಿಯುತ್ತದೆ. ಸೂರ್ಯಚಂದ್ರರ ಸುತ್ತ ಕಟ್ಟುವ ಪರಿವೇಷವನ್ನು ಮಳೆಯ ಮುನ್ಸೂಚನೆ ಎನ್ನುವುದರ ಹಿಂದೆ ಈ ತೆಳುಮೋಡಗಳೇ ಇವೆ.

ಈ ಚಿತ್ರವನ್ನು ಮೊದಲು ಜೋಡಿಸಿದವರು ನಾರ್ವೆಯ ಬರ್ಗೆನ್‌ನಲ್ಲಿದ್ದ ವಿಲ್ಹೆಲ್ಮ್ ಬ್ಯರ್ಕ್‌ನೆಸ್ ಮತ್ತು ಸಂಗಡಿಗರು. ಮೊದಲ ಮಹಾಯುದ್ಧದಲ್ಲಿ ಹೊರಗಿನ ಹವಾಮಾನ ವರದಿಗಳು ನಿಂತುಹೋದಾಗ ಅವರು ದೇಶದೊಳಗೇ ವೀಕ್ಷಣಾ ಕೇಂದ್ರಗಳ ದಟ್ಟ ಜಾಲ ಹರಡಿದರು. ಆ ದಟ್ಟ ಅಂಕಿಗಳಲ್ಲೇ ವಿಲ್ಹೆಲ್ಮರ ಮಗ ಯಾಕೋಬ್ ಗಡಿಗಳನ್ನು ಗುರುತಿಸಿ 1919ರಲ್ಲಿ ಪ್ರಕಟಿಸಿದರು. ನಕ್ಷೆಯಲ್ಲಿ ನಿಲ್ದಾಣಗಳು ವಿರಳವಾಗಿದ್ದರೆ ನನ್ನ ಗೆರೆ ಊಹೆಯಾಗುತ್ತದೆ. ಅವರ ಕೆಲಸದ ಬೆಲೆ ಆಗ ತಿಳಿಯುತ್ತದೆ.

ಉಷ್ಣವಲಯದ ಚಂಡಮಾರುತಕ್ಕೆ ಮಾತ್ರ ಈ ವಿಧಾನ ಸಲ್ಲದು. ಅಲ್ಲಿ ಫ್ರಂಟ್ ಇರುವುದಿಲ್ಲ. ಇಡೀ ವ್ಯವಸ್ಥೆ ನಡೆಯುವುದು ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಮೀರಿದ ಸಮುದ್ರದ ಶಾಖ ಮತ್ತು ಆವಿಯಿಂದ. ಅಲ್ಲಿ ಇಬ್ಬನಿ ಬಿಂದುವಿನ ಜಿಗಿತ ಹುಡುಕುವುದಿಲ್ಲ. ಬಹುತೇಕ ವೃತ್ತಾಕಾರದ ರೇಖೆಗಳು ಕೇಂದ್ರದ ಹತ್ತಿರ ಎಷ್ಟು ಇಕ್ಕಟ್ಟಾಗಿವೆ ಎಂದು ನೋಡುತ್ತೇನೆ. 1979ರಲ್ಲಿ ಪೆಸಿಫಿಕ್ ಸಾಗರದ ಟಿಪ್ ಚಂಡಮಾರುತದ ಕೇಂದ್ರದಲ್ಲಿ ಒತ್ತಡ 870 ಹೆಕ್ಟೋಪ್ಯಾಸ್ಕಲ್‌ಗೆ ಇಳಿದಿತ್ತು. 4ರ ಅಂತರದಲ್ಲಿ ಅದನ್ನು ಬರೆಯಹೊರಟರೆ ಪೆನ್ಸಿಲ್ ಮೊನೆಗೂ ಜಾಗ ಸಿಗದು. ಅಂಥ ಕಡೆ ಅಂತರವನ್ನು ಹೆಚ್ಚಿಸಿಕೊಳ್ಳುತ್ತೇನೆ.